ಶೇಂಗಾ ಬೇರಿನಲ್ಲೊಂದು ಆರ್‌ಎನ್‌ಎ ಪಾಠ: ಪಿಯು ಮೇಷ್ಟರ ಅನುಭವ

1. ಜೀನ್ ನಿಯಂತ್ರಣದ ಪಾಠದಲ್ಲಿ ಲ್ಯಾಕ್ ಒಪೆರಾನ್ ಚಿತ್ರ ಬರೆಯುವ ಮೊದಲು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೇಂಗಾ ಹೊಲಕ್ಕೇನು ಬರ? ಬಿತ್ತಿ ಒಂದೂವರೆ ತಿಂಗಳಾದ ಗಿಡದ ಬುಡ ಸಡಿಲಿಸಿ ಎತ್ತಿ, ನೀರಲ್ಲಿ ಅಲ್ಲಾಡಿಸಿದರೆ ಕವಲುಬೇರಿನ ಸಂದುಗಳಲ್ಲಿ ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಬ್ಲೇಡಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಕೆಲಸದಲ್ಲಿದೆ, ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ ಎಂದರ್ಥ.

2. ಆಮೇಲೆ ಪ್ರಶ್ನೆ ಕೇಳಿ: ಮಳೆ ಕೈಕೊಟ್ಟು ಕೆಮ್ಮಣ್ಣು ಕಾದಾಗ ಈ ಜೀವಿಗೆ ಬಿಸಿ ಗೊತ್ತಾಗುವುದು ಹೇಗೆ? ಸೋಯಾ ಅವರೆಯ ಬ್ರಾಡಿರೈಜೋಬಿಯಂನಲ್ಲಿ ಜ್ಯೂರಿಕ್‌ನ ಸಂಶೋಧಕರು ಇದಕ್ಕೆ ಉತ್ತರ ಕಂಡುಕೊಂಡರು. 2001ರಲ್ಲಿ ಪ್ರಕಟವಾದ ಅವರ ಕೆಲಸದ ಪ್ರಕಾರ ಬಿಸಿ ಅಳೆಯುವುದು ಪ್ರೋಟೀನಲ್ಲ, ಸಂದೇಶವಾಹಕ ಆರ್‌ಎನ್‌ಎಯೇ. ಅದರ ಆರಂಭದ ತುಂಡಿಗೆ ‘ರೋಸ್’ ಎಂದು ಹೆಸರು. ತಂಪಿನಲ್ಲಿ ಅದು ಮಡಚಿಕೊಂಡು ರೈಬೋಸೋಮ್ ಕೂರುವ ಜಾಗವನ್ನು ಮುಚ್ಚಿಟ್ಟಿರುತ್ತದೆ. ಬಿಸಿಯೇರಿದರೆ ಮಡಿಕೆಯ ಸಡಿಲ ಜೋಡಿಗಳು ಬಿಚ್ಚುತ್ತವೆ, ರೈಬೋಸೋಮ್ ಕೂರುತ್ತದೆ, ಉಳಿದ ಪ್ರೋಟೀನುಗಳು ಕೆಡದಂತೆ ಕಾಯುವ ಪುಟ್ಟ ಪ್ರೋಟೀನು ತಯಾರಾಗುತ್ತದೆ. ತಂಪಾದರೆ ಮತ್ತೆ ಮಡಿಕೆ. ಜೀನಿನ ಪ್ರತಿ ಆಗಲೇ ಸಿದ್ಧವಿದ್ದು, ತಡೆ ತೆಗೆಯುವುದಷ್ಟೇ ಬಾಕಿ. ಪ್ರತಿಕ್ರಿಯೆ ಚುರುಕಾಗುವುದು ಅದರಿಂದಲೇ.

3. ಮಡಿಕೆ ತೋರಿಸಲು ಮೊಳಕಾಲ್ಮೂರಿನ ರೇಷ್ಮೆ ನೂಲು ಸಾಕು. ಚೆನ್ನಾಗಿ ಹುರಿ ಮಾಡಿ ತುದಿಗಳನ್ನು ಹತ್ತಿರ ತಂದರೆ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ಆದರೆ ನೂಲು ಸುತ್ತುವುದು ಹುರಿಯಿಂದ, ಆರ್‌ಎನ್‌ಎ ಮಡಚುವುದು ಎ-ಯು, ಜಿ-ಸಿ ಜೋಡಿಗಳಿಂದ. ಇದನ್ನು ಹೇಳದಿದ್ದರೆ ಪರೀಕ್ಷೆಯಲ್ಲಿ ಹುರಿಯ ಕಥೆಯೇ ಬರುತ್ತದೆ!

4. ಜಾಣ ಹುಡುಗರಿಗೆ ಇತಿಹಾಸವನ್ನೂ ಹೇಳಿ. 1961ರಲ್ಲಿ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೊ, ಜೀನಿನ ಕೆಲಸ ತಡೆಯುವ ದಮನಕವು ಆರ್‌ಎನ್‌ಎ ಇರಬಹುದೆಂದು ಊಹಿಸಿದ್ದರು. 1966ರಲ್ಲಿ ಲ್ಯಾಕ್ ದಮನಕ ಪ್ರೋಟೀನೆಂದು ಖಚಿತವಾಯಿತು. ಅಲ್ಲಿಗೆ ಆರ್‌ಎನ್‌ಎ ಮೂಲೆಗುಂಪಾಗಿದ್ದು, ನನ್ನ ಮಟ್ಟಿಗೆ, ನಮ್ಮ ಪಠ್ಯದ ದೊಡ್ಡ ಕೊರತೆ.

5. ಆರ್‌ಎನ್‌ಎ ನಿಯಂತ್ರಣಕ್ಕೆ ಇನ್ನೊಂದು ಉದಾಹರಣೆಯನ್ನೂ ಕೊಡಿ. ಸುಣ್ಣದ ಅಂಶ ಹೆಚ್ಚಿರುವ ಹೊಲದಲ್ಲಿ ಕಬ್ಬಿಣ ಸಿಗದೆ ಶೇಂಗಾ ಎಲೆ ಹಳದಿಯಾಗುವುದನ್ನು ಮಕ್ಕಳು ನೋಡಿರುತ್ತಾರೆ. ಇ. ಕೊಲೈ ಬ್ಯಾಕ್ಟೀರಿಯಾಗೂ ಕಬ್ಬಿಣದ ಬರ ಬಂದರೆ ‘ರೈಹೆಚ್‌ಬಿ’ ಎಂಬ ಚಿಕ್ಕ ಆರ್‌ಎನ್‌ಎ ಹುಟ್ಟುತ್ತದೆ. ಕಬ್ಬಿಣ ಬೇಡುವ, ಸದ್ಯಕ್ಕೆ ತೀರಾ ಅಗತ್ಯವಿಲ್ಲದ ಪ್ರೋಟೀನುಗಳ ಸಂದೇಶಕ್ಕೆ ಹೆಚ್‌ಎಫ್‌ಕ್ಯೂ ಎಂಬ ಪ್ರೋಟೀನಿನ ನೆರವಿನಿಂದ ಅಂಟಿಕೊಂಡು, ಅದನ್ನು ನಾಶ ಮಾಡಿಸುತ್ತದೆ.

6. ರೈತರ ಮಕ್ಕಳು ಕೊನೆಗೆ ಕೇಳುವುದು ಒಂದೇ: “ಸಾರ್, ಬಿಸಿ ತಡೆಯೋ ಶಕ್ತಿ ಇದೆ ಅಂದ್ರೆ ರೈಜೋಬಿಯಂ ಪ್ಯಾಕೆಟ್ ಬಿಸಿಲಲ್ಲಿಟ್ರೂ ನಡೀತದಾ?” ನಡೆಯುವುದಿಲ್ಲ. ಬಿಸಿಯಲ್ಲಿ ತಯಾರಾಗುವ ಆ ಪುಟ್ಟ ಪ್ರೋಟೀನು ಕಾಯುವುದಕ್ಕೂ ಮಿತಿಯಿದೆ. ಪ್ಯಾಕೆಟ್ ನೆರಳಲ್ಲೇ ಇರಲಿ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿದ ಮೇಲೂ ನೆರಳಲ್ಲೇ ಆರಿಸಿ, ಅಂದೇ ಬಿತ್ತಿಬಿಡಿ.