ಹಳೆಯ ಲ್ಯಾಪ್‌ಟಾಪಿಗೆ ಮೋಡೆಮ್ ಕಾರ್ಡು: ಜೋಡಣೆ ಮತ್ತು ದೋಷ ಪತ್ತೆ



2024ರ ಆಗಸ್ಟ್ ತಿಂಗಳ ಮಳೆಯನ್ನು ತಾವು ಮರೆತಿರಲಾರಿರಿ. ಆ ತಿಂಗಳ ಮೊದಲ ವಾರ ನಮ್ಮ ಕಚೇರಿಗೆ ಬರುವ ಕೇಬಲ್ಲಿನ ಮೇಲೆ ಮರ ಬಿದ್ದು, ಇಂಟರ್‌ನೆಟ್ ಸಂಪರ್ಕ ಒಂಬತ್ತು ದಿನ ಕಡಿದುಹೋಗಿತ್ತು. ಹಿಂದಿನ ತಿಂಗಳ ಮಾರಾಟದ ವಿವರವನ್ನು ಜಿಎಸ್‌ಟಿಆರ್-1 ನಮೂನೆಯಲ್ಲಿ 11ನೇ ತಾರೀಖಿನೊಳಗೆ ಸಲ್ಲಿಸಿದರೆ ಮಾತ್ರ ಆ ತಿಂಗಳ ಪಟ್ಟಿಯಲ್ಲಿ ಖರೀದಿದಾರರ ಹೆಸರಿಗೆ ತೆರಿಗೆಯ ಜಮೆ ಕಾಣುತ್ತದೆ. ನಮ್ಮ ಫೋನಿನ ಕಂಪನಿಯ ಸಿಗ್ನಲ್ಲು ಕಚೇರಿಯಿರುವ ತಗ್ಗಿಗೆ ಬರುವುದಿಲ್ಲ. ಬರುವ ಕಂಪನಿಯ ಸಿಮ್ಮು ಇದ್ದ ಗುಮಾಸ್ತರು ರಜೆಯಲ್ಲಿದ್ದರು. ತಾರೀಖು ತಪ್ಪಿತು. ಖರೀದಿದಾರರು ತೆರಿಗೆಯ ಪಾಲಿನ ಹಣವನ್ನು ಒಂದು ತಿಂಗಳು ತಡೆಹಿಡಿದರು. ಆ ಮೊತ್ತವನ್ನು ಸಂಘವೇ ಕೈಯಿಂದ ಹಾಕಿ ಕಟ್ಟಬೇಕಾಯಿತು. ಪರಿಣಾಮವಾಗಿ ತಮ್ಮಲ್ಲಿ ಹಲವರ ಅಡಿಕೆ ಬಾಕಿಯ ಬಟವಾಡೆ ಚೌತಿಗೆ ಮುಂಚೆ ಆಗಲಿಲ್ಲ.

ಇದಕ್ಕೆ ಮಳೆಯೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮಳೆಗಾಲ ಪ್ರತಿ ವರ್ಷ ಬರುವಂಥದು, ಮರ ಪ್ರತಿ ವರ್ಷ ಬೀಳುವಂಥದು. ಆದ್ದರಿಂದ ಕಪಾಟಿನಲ್ಲಿದ್ದ 2012ರ ಲ್ಯಾಪ್‌ಟಾಪನ್ನು ಹೊರತೆಗೆದು, ಅದಕ್ಕೆ ಸಿಮ್ಮು ಹಾಕುವ ಮೋಡೆಮ್ ಕಾರ್ಡು ಜೋಡಿಸಲು ನಿಶ್ಚಯಿಸಿದೆವು. ಆ ಕೆಲಸದಲ್ಲಿ ನಾವು ಮಾಡಿದ ತಪ್ಪುಗಳೂ ಕಲಿತ ಪಾಠಗಳೂ ಸದಸ್ಯರಿಗೆ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೋಡೆಮ್ ಎಂದರೇನು?

ಕಂಪ್ಯೂಟರಿನ ಅಂಕಿಗಳನ್ನು ತಂತಿಯಲ್ಲಿ ಅಥವಾ ಗಾಳಿಯಲ್ಲಿ ಸಾಗಬಲ್ಲ ಅಲೆಗಳನ್ನಾಗಿ ಮಾಡುವುದು ಮಾಡ್ಯುಲೇಷನ್. ಬಂದ ಅಲೆಯನ್ನು ಮತ್ತೆ ಅಂಕಿಗಳನ್ನಾಗಿ ಮಾಡುವುದು ಡಿಮಾಡ್ಯುಲೇಷನ್. ಎರಡನ್ನೂ ಮಾಡುವ ಉಪಕರಣವೇ ಮೋಡೆಮ್. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆ ಆರಂಭಿಸಿದಾಗ ಮೋಡೆಮನ್ನು ದೂರವಾಣಿಯ ತಂತಿಗೆ ಸಿಕ್ಕಿಸಬೇಕಿತ್ತು. ಆ ಜಾತಿಯ ಮೋಡೆಮ್ ಕೊನೆಗೂ ಸೆಕೆಂಡಿಗೆ 56 ಕಿಲೋಬಿಟ್ ದಾಟಲಿಲ್ಲ. ಇಲ್ಲಿ ನಾವು ಹೇಳುತ್ತಿರುವುದು ಮೊಬೈಲ್ ಜಾಲದ ಮೋಡೆಮ್. ಬೆಂಕಿಪೆಟ್ಟಿಗೆಯಷ್ಟೇ ಉದ್ದಗಲದ ಈ ತೆಳುವಾದ ಹಲಗೆ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಕೂರುತ್ತದೆ.

ಕೊಳ್ಳುವ ಮುನ್ನ ನೋಡತಕ್ಕ ನಾಲ್ಕು ಅಂಶಗಳು

ನಾವು ಎರಡು ಸಲ ತಪ್ಪು ಕಾರ್ಡು ತರಿಸಿ ಹಿಂದಿರುಗಿಸಿದೆವು. ಅದು ತಮಗೆ ಆಗಬಾರದು.

1. ಕೂರುವ ಜಾಗ. 2008ರಿಂದ ಸುಮಾರು 2013ರವರೆಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ಸೀಳು ಇರುತ್ತದೆ. ಅದರ ಕಾರ್ಡು ಸುಮಾರು 3 ಸೆಂ.ಮೀ. ಅಗಲ, 5 ಸೆಂ.ಮೀ. ಉದ್ದ. ಆಮೇಲಿನವುಗಳಲ್ಲಿ ಎಂ.2 ಎಂಬ ಬೇರೆ ಸೀಳು ಬಂದಿತು. ಅದರ ಕಾರ್ಡಿನ ಉದ್ದ 4.2 ಸೆಂ.ಮೀ. ಒಂದರದು ಇನ್ನೊಂದಕ್ಕೆ ಕೂರದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಜಾಗ ಬಿಟ್ಟಿದ್ದರೂ ಸೀಳನ್ನೇ ಬೆಸೆದಿರುವುದಿಲ್ಲ, ಇಲ್ಲವೇ ಸಿಮ್ಮಿನ ಗೂಡಿಗೆ ಸಂಪರ್ಕ ಕೊಟ್ಟಿರುವುದಿಲ್ಲ. ಆದ್ದರಿಂದ ಮೊದಲು ತಳದ ಮುಚ್ಚಳ ಬಿಚ್ಚಿ ಕಣ್ಣಾರೆ ನೋಡಿ, ಆಮೇಲೆ ಹಣ ಕೊಡತಕ್ಕದ್ದು.

2. ಯಂತ್ರದ ಒಪ್ಪಿಗೆ. ಆ ಕಾಲದ ಕೆಲವು ತಯಾರಕರು ತಾವು ಒಪ್ಪಿದ ಕಾರ್ಡುಗಳ ಪಟ್ಟಿಯೊಂದನ್ನು ಯಂತ್ರದ ಬಯಾಸ್‌ನಲ್ಲಿ ಬರೆದಿಟ್ಟಿದ್ದರು. ಪಟ್ಟಿಯಲ್ಲಿಲ್ಲದ ಕಾರ್ಡು ಕೂರಿಸಿದರೆ ಯಂತ್ರ ಮುಂದೆ ಹೋಗುವುದೇ ಇಲ್ಲ. ಹಳೆಯ ಥಿಂಕ್‌ಪ್ಯಾಡುಗಳಲ್ಲಿ 1802 ಎಂಬ ಅಂಕಿಯೂ, ಎಚ್‌ಪಿಯ ಕೆಲವದರಲ್ಲಿ 104 ಎಂಬ ಅಂಕಿಯೂ ಪರದೆಯ ಮೇಲೆ ಬರುವುದು ಇದಕ್ಕೇ. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ; ಕಾರ್ಡು ತೆಗೆದರೆ ಮೊದಲಿನಂತೆ ನಡೆಯುತ್ತದೆ. ತಮ್ಮ ಮಾದರಿಯ ದುರಸ್ತಿ ಕೈಪಿಡಿಯಲ್ಲಿ ಒಪ್ಪಿದ ಕಾರ್ಡುಗಳ ಭಾಗಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯದನ್ನು ಕೇಳಿ ತರಿಸಬೇಕು.

3. 3ಜಿಯೋ 4ಜಿಯೋ? ಹಳೆಯ ಕಾರ್ಡುಗಳಲ್ಲಿ ಹೆಚ್ಚಿನವು 3ಜಿ ಮಾತ್ರ ಬಲ್ಲವು. ಜಿಯೋ 2016ರಲ್ಲಿ ಆರಂಭವಾದದ್ದೇ 4ಜಿಯಿಂದ. ಏರ್‌ಟೆಲ್ 2019ರಿಂದ ತನ್ನ 3ಜಿ ಜಾಲವನ್ನು ಮುಚ್ಚುತ್ತ ಬಂದಿತು. ಹಾಗಾಗಿ ಇಂಥ ಕಾರ್ಡು ಸುಸ್ಥಿತಿಯಲ್ಲಿದ್ದರೂ ಮಾತಾಡಲು ಎದುರಿಗೆ ಯಾರೂ ಇಲ್ಲದಂತಾಗುತ್ತದೆ. ಸದಸ್ಯರ ಮನೆಗಳಲ್ಲಿ ಮೂಲೆ ಸೇರಿರುವ ಹಳೆಯ ಡಾಂಗಲ್‌ಗಳ ಕತೆಯೂ ಬಹುಮಟ್ಟಿಗೆ ಇದೇ. ನಾವು ಮೊದಲು ತರಿಸಿದ್ದು ಇಂಥದೇ ಕಾರ್ಡು.

4. ಬ್ಯಾಂಡು. 4ಜಿಯಲ್ಲಿಯೂ ಎಲ್ಲ ಕಾರ್ಡು ಎಲ್ಲ ಅಲೆಯನ್ನು ಹಿಡಿಯವು. ನಮ್ಮ ದೇಶದಲ್ಲಿ ಮುಖ್ಯವಾದವು 1800 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 3. 2300, ಅಂದರೆ ಬ್ಯಾಂಡ್ 40. ಜಿಯೋದ 850, ಅಂದರೆ ಬ್ಯಾಂಡ್ 5. ಏರ್‌ಟೆಲ್‌ನ 900, ಅಂದರೆ ಬ್ಯಾಂಡ್ 8. ಬಿಎಸ್‌ಎನ್‌ಎಲ್‌ನ 700, ಅಂದರೆ ಬ್ಯಾಂಡ್ 28. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕಾರ್ಡುಗಳಲ್ಲಿ 1800 ಮತ್ತು 2300 ಇಲ್ಲದಿರುವುದುಂಟು. ಗುಡ್ಡ ಮತ್ತು ಮರಗಳ ನಡುವೆ ಕಡಿಮೆ ಅಂಕಿಯ ಅಲೆ ಹೆಚ್ಚು ದೂರ ತಲುಪುತ್ತದೆ. ಆದ್ದರಿಂದ ನಮ್ಮಂಥ ಜಾಗಕ್ಕೆ 700, 850 ಅಥವಾ 900ರಲ್ಲಿ ತಮ್ಮ ಸಿಮ್ಮಿಗೆ ತಕ್ಕದ್ದೊಂದನ್ನು ಬಲ್ಲ ಕಾರ್ಡೇ ಲೇಸು.

ಜೋಡಿಸುವ ಕ್ರಮ

ಯಂತ್ರವನ್ನು ಪೂರ್ತಿ ನಿಲ್ಲಿಸಿ, ಚಾರ್ಜರು ಕಳಚಿ, ಬ್ಯಾಟರಿ ತೆಗೆಯಬೇಕು. ಆಮೇಲೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದರೆ ಒಳಗೆ ಉಳಿದ ವಿದ್ಯುತ್ತು ಇಳಿಯುತ್ತದೆ. ಕೈಯನ್ನು ಯಾವುದಾದರೂ ಲೋಹಕ್ಕೆ ಮುಟ್ಟಿಸಿ ಕೆಲಸ ಆರಂಭಿಸತಕ್ಕದ್ದು. ಬಿಚ್ಚಿದ ತಿರುಪುಗಳನ್ನು ಬಟ್ಟಲೊಂದರಲ್ಲಿ ಹಾಕಿಡಿ. ನಮ್ಮ ಯಂತ್ರದೊಳಗೆ ಇರುವೆ ಗೂಡು ಕಟ್ಟಿತ್ತು. ಮೃದುವಾದ ಬ್ರಷ್ಷಿನಿಂದ ಗುಡಿಸಿದೆವು.

ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟದೆ, ಸ್ವಲ್ಪ ಓರೆಯಾಗಿ ಹಿಡಿದು ಸೀಳಿನೊಳಗೆ ಪೂರ್ತಿ ತಳ್ಳಬೇಕು. ಅನಂತರ ಕೆಳಕ್ಕೆ ಒತ್ತಿ ತಿರುಪು ಹಾಕಬೇಕು. ಬಲ ಹಾಕಬೇಕೆನಿಸಿದರೆ ಎಲ್ಲೋ ತಪ್ಪಿದೆಯೆಂದೇ ತಿಳಿಯತಕ್ಕದ್ದು.

ಇನ್ನುಳಿದದ್ದು ಆಂಟೆನಾ. ಇದು ಪರದೆಯ ಚೌಕಟ್ಟಿನೊಳಗೆ ಇದ್ದು, ಅಲ್ಲಿಂದ ಎರಡು ಸಣ್ಣ ತಂತಿಗಳು ಕೆಳಗಿಳಿದು ಬಂದಿರುತ್ತವೆ. ಮೇನ್ ಎಂಬುದು ಕಳಿಸುವುದಕ್ಕೂ ಪಡೆಯುವುದಕ್ಕೂ. ಆಕ್ಸ್ ಎಂಬುದು ಪಡೆಯುವುದಕ್ಕೆ ಸಹಾಯಕ. ಕಾರ್ಡಿನ ಮೇಲೆ ಗುರುತು ಇರುತ್ತದೆ. ತಂತಿಯ ತುದಿಯ ಗುಂಡಿಯನ್ನು ನೇರವಾಗಿ ಇಟ್ಟು ಬೆರಳಿನಿಂದ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಈ ಗುಂಡಿಗಳು ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ರೂಪಿಸಿದಂಥವು. ಪದೇ ಪದೇ ಕಿತ್ತು ನೋಡುವುದು ಒಳ್ಳೆಯದಲ್ಲ.

ದೋಷ ಪತ್ತೆ

ಮೂರನೆಯ ಕಾರ್ಡನ್ನು ಯಂತ್ರ ಒಪ್ಪಿಕೊಂಡಿತು. ಆದರೂ ಒಂದು ಪುಟ ತೆರೆಯಲು ಅರ್ಧ ಗಂಟೆ ಹಿಡಿಯುತ್ತಿತ್ತು. ನಾವು ಟವರನ್ನು ದೂರಿದೆವು, ಸಿಮ್ಮು ಬದಲಿಸಿದೆವು, ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆವು. ಎರಡು ದಿನ ಹೀಗೆ ಕಳೆಯಿತು. ಗೊಬ್ಬರದ ಚೀಟಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಕೊನೆಗೆ, “ಅಲ್ಲ ರಾಯರೇ, ಪಂಪು ನೀರೆತ್ತದಿದ್ದರೆ ನಾವು ಮೊದಲು ಮೋಟಾರು ಬಿಚ್ಚುತ್ತೇವೋ, ಫುಟ್‌ವಾಲ್ವ್ ನೋಡುತ್ತೇವೋ?” ಎಂದರು.

ಮುಚ್ಚಳ ತೆರೆದು ನೋಡಿದರೆ ಮೇನ್ ತಂತಿಯ ಗುಂಡಿ ಅರ್ಧ ಮಾತ್ರ ಕೂತಿತ್ತು. ಒತ್ತಿದೆವು, ‘ಟಕ್’ ಎಂದಿತು, ಕೆಲಸವಾಯಿತು.

ಅವರ ಮಾತಿನಲ್ಲಿ ಈ ಪಾಠದ ಸಾರವೆಲ್ಲ ಇದೆ. ಪಂಪಿನಲ್ಲಿ ಫ್ಯೂಸು, ಫುಟ್‌ವಾಲ್ವ್, ಪೈಪಿನ ಕೀಲು ಎಂದು ಕ್ರಮವಾಗಿ ನೋಡುವಂತೆ ಇಲ್ಲಿಯೂ ಒಳಗಿನಿಂದ ಹೊರಕ್ಕೆ, ಒಂದೊಂದೇ ಮೆಟ್ಟಿಲು ನೋಡುತ್ತ ಹೋಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ, ಸರಿಹೋದಾಗಲೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಮೊದಲನೆಯ ಮೆಟ್ಟಿಲು: ಯಂತ್ರಕ್ಕೆ ಕಾರ್ಡು ಕಾಣುತ್ತಿದೆಯೇ? ವಿಂಡೋಸಿನ ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿ. ಹೆಸರೇ ಇಲ್ಲದಿದ್ದರೆ ಕಾರ್ಡು ಸರಿಯಾಗಿ ಕೂತಿಲ್ಲ, ಅಥವಾ ಬಯಾಸ್‌ನಲ್ಲಿ ಅದನ್ನು ನಿಲ್ಲಿಸಿದೆ. ಹಳದಿ ಗುರುತು ಇದ್ದರೆ ಡ್ರೈವರ್ ಬೇಕು. ವಿಂಡೋಸ್ 8ರಿಂದ ಈಚೆಗೆ ಅನೇಕ ಕಾರ್ಡುಗಳಿಗೆ ವಿಂಡೋಸಿನೊಳಗಿನ ಡ್ರೈವರೇ ಸಾಕಾಗುತ್ತದೆ. ಹಳೆಯವಕ್ಕೆ ತಯಾರಕರದೇ ಬೇಕು.

ಎರಡನೆಯದು: ರೇಡಿಯೋ ಚಾಲೂ ಇದೆಯೇ? ಅನೇಕ ಹಳೆಯ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ವೈರ್‌ಲೆಸ್ಸಿನ ಪುಟ್ಟ ಸ್ವಿಚ್ಚಿದೆ. ಕೈ ತಗುಲಿ ಅದು ಮುಚ್ಚಿರಬಹುದು. ಏರೋಪ್ಲೇನ್ ಮೋಡನ್ನೂ ನೋಡಿ.

ಮೂರನೆಯದು: ಸಿಮ್ಮು ಕಾಣುತ್ತಿದೆಯೇ? ಹಳೆಯ ಗೂಡು ದೊಡ್ಡ ಸಿಮ್ಮಿನದು, ಈಗಿನ ಸಿಮ್ಮು ಉಗುರಿನಷ್ಟು. ನಡುವೆ ಹಾಕುವ ಪ್ಲಾಸ್ಟಿಕ್ ಚೌಕಟ್ಟು ಸಡಿಲವಾದರೆ ಸಿಮ್ಮು ಜಾರುತ್ತದೆ. ಎಳೆಯುವಾಗ ಗೂಡಿನ ಮುಳ್ಳುಗಳು ಬಾಗುವುದೂ ಉಂಟು. ಚೌಕಟ್ಟಿನ ಹಿಂಬದಿಗೆ ತೆಳುವಾದ ಅಂಟುಪಟ್ಟಿ ಹಾಕಿದರೆ ನಿಲ್ಲುತ್ತದೆ. ಅದೇ ಸಿಮ್ಮನ್ನು ಫೋನಿಗೆ ಹಾಕಿ ನೋಡಿದರೆ ತಪ್ಪು ಸಿಮ್ಮಿನದೋ ಗೂಡಿನದೋ ತಿಳಿಯುತ್ತದೆ.

ನಾಲ್ಕನೆಯದು: ಸಿಗ್ನಲ್ಲು ಎಷ್ಟಿದೆ? ಅದೇ ಜಾಗದಲ್ಲಿ ಅದೇ ಸಿಮ್ಮು ಫೋನಿನಲ್ಲಿ ಚೆನ್ನಾಗಿದ್ದು ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೆ ಆಂಟೆನಾ ತಂತಿ ಅಥವಾ ಬ್ಯಾಂಡನ್ನು ಶಂಕಿಸಿ. ಎರಡರಲ್ಲಿಯೂ ಇಲ್ಲದಿದ್ದರೆ ಮಾತ್ರ ಟವರನ್ನು ದೂರುವುದು ನ್ಯಾಯ.

ಐದನೆಯದು: ಸಿಗ್ನಲ್ಲು ಇದ್ದೂ ಪುಟ ತೆರೆಯದಿದ್ದರೆ ಎಪಿಎನ್ ಹೆಸರನ್ನು ನೋಡಬೇಕು. ಜಿಯೋಗೆ ‘ಜಿಯೋನೆಟ್’, ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ರೀಚಾರ್ಜು ಮುಗಿದಿದೆಯೋ ಎಂಬುದನ್ನೂ ಮರೆಯದೆ ನೋಡಿ. ನಗುವ ಮಾತಲ್ಲ, ನಮಗೆ ಒಮ್ಮೆ ಹಾಗೆಯೇ ಆಗಿದೆ.

ಎಚ್ಚರಿಕೆಯ ಎರಡು ಮಾತು

ತಮ್ಮ ಮನೆಯಲ್ಲಿ ಫೋನಿನ ಹಾಟ್‌ಸ್ಪಾಟಿನಿಂದ ಕೆಲಸ ನಡೆಯುತ್ತಿದ್ದರೆ ಈ ಖರ್ಚು ಬೇಡ. ಯಾರ ಫೋನನ್ನೂ ಕಾಯದೆ ಮೇಜಿನ ಮೇಲಿನ ಯಂತ್ರವೇ ಸಿದ್ಧವಿರಬೇಕಾದ ಕಡೆಗಷ್ಟೇ ಇದು ಯೋಗ್ಯ. ಎರಡನೆಯದಾಗಿ, ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವನ್ನು ಕೇಬಲ್ಲು ಕಡಿದ ದಿನದ ಆಪತ್ಕಾಲಕ್ಕೆ ಇಟ್ಟುಕೊಳ್ಳಿ. ಬ್ಯಾಂಕಿನ ದಿನನಿತ್ಯದ ವ್ಯವಹಾರಕ್ಕೆ ಬಳಸದಿರುವುದು ಕ್ಷೇಮ.

2025ರ ಆಗಸ್ಟಿನಲ್ಲಿಯೂ ಮಳೆ ಬಂತು, ಕೇಬಲ್ಲೂ ಕಡಿಯಿತು. ವಿದ್ಯುತ್ತು ಇಲ್ಲದಿದ್ದರೂ ಬ್ಯಾಟರಿ ಇತ್ತು, ಟವರು ನಡೆಯುತ್ತಿತ್ತು. ವಿವರಪಟ್ಟಿ 10ನೇ ತಾರೀಖಿನ ಸಂಜೆಯೇ ಹೋಯಿತು. ಚೌತಿಗೆ ಮುಂಚೆ ಬಟವಾಡೆಯೂ ಆಯಿತು. ಪಟ್ಟಿಯಲ್ಲಿ ರುಜು ಹಾಕಿದವರ ಪೈಕಿ ಫುಟ್‌ವಾಲ್ವಿನ ಮಾತು ಹೇಳಿದ ಹಿರಿಯರೂ ಇದ್ದರು.

ಮುಂದಿನ ಮಳೆಗಾಲಕ್ಕೆ ಮುಂಚಿತವಾಗಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿದ್ಧಪಡಿಸುವಷ್ಟೇ ಕಾಳಜಿಯಿಂದ ಈ ಕೆಲಸವನ್ನೂ ಮುಗಿಸಿಕೊಳ್ಳಬೇಕಾಗಿ ವಿನಂತಿ. ಸಂಶಯವಿರುವ ಸದಸ್ಯರು ತಮ್ಮ ಯಂತ್ರದೊಂದಿಗೆ ಕಚೇರಿಯ ವೇಳೆಯಲ್ಲಿ ಬರಬಹುದು. ಒಟ್ಟಿಗೆ ಕುಳಿತು ನೋಡೋಣ.

— ಕಾರ್ಯದರ್ಶಿ