ಸಂಕಲಿಸಿದ ದೃಶ್ಯಾವಳಿಯನ್ನು ಡಿಸ್ಕಿಗೆ ಬರೆಯುವ ವಿಧಾನ: ಹೊಸಬರಿಗೊಂದು ಪಾಠ

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳ ವೀರಬಲ್ಲಾಳನ ದಂಡನಾಯಕನಾಗಿದ್ದ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಈ ಗುಡಿಯ ಮುಂದೆ ಕವಿ ಜನ್ನನು ರಚಿಸಿದ ಶಾಸನವೊಂದು ನಿಂತಿದೆ. ಎಂಟು ನೂರು ವರ್ಷಗಳ ಮಳೆಗಾಳಿಗೆ ಮೈಯೊಡ್ಡಿಯೂ ಅದರ ಅಕ್ಷರಗಳು ಓದಲು ದೊರೆಯುತ್ತವೆ. ಅದೇ ಸೀಮೆಯ ನಮ್ಮ ಶಾಲೆಗಳ ಕಪಾಟುಗಳಲ್ಲಿ, ಮೂವತ್ತು ವರ್ಷವೂ ತುಂಬದ ವಿಡಿಯೋ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಕುಳಿತಿವೆ. ಅವುಗಳಲ್ಲಿ ವಾರ್ಷಿಕೋತ್ಸವದ ನಾಟಕಗಳಿವೆ, ವೀರಗಾಸೆಯ ಕುಣಿತವಿದೆ, ಲಿಂಗೈಕ್ಯರಾದ ಹಿರಿಯರ ಆಶೀರ್ವಚನವಿದೆ, ನಿವೃತ್ತರಾಗಿ ಹೋದ ಗುರುಗಳ ಕಂಠವಿದೆ. ಕಲ್ಲು ಉಳಿಸಿದುದನ್ನು ನಾವು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೇವೆ.

ಈ ಸ್ಮರಣ ಸಂಚಿಕೆಯ ವಾಚಕರಲ್ಲಿ ಅನೇಕರು ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಮತ್ತು ಶ್ರೀಮಠದ ವಿದ್ಯಾದಾಸೋಹಕ್ಕೆ ಕೈಜೋಡಿಸಿದ ದಾನಿಗಳು. ಹಳೆಯ ಚಿತ್ರಣವನ್ನು ಗಣಕಯಂತ್ರದಲ್ಲಿ ಕತ್ತರಿಸಿ ಜೋಡಿಸಿ, ಡಿಸ್ಕಿಗೆ ಬರೆದು ಹಂಚಬೇಕೆಂಬ ಆಸೆ ಅವರಲ್ಲಿ ಹಲವರಿಗಿದೆ. ಆದರೆ ಮೊದಲ ಪ್ರಯತ್ನದಲ್ಲಿಯೇ ಎಡವಿ ಕೈಬಿಟ್ಟವರೇ ಹೆಚ್ಚು. ಅಂಥವರಿಗೆ ನೆರವಾಗಲೆಂದು ಈ ಪಾಠವನ್ನು ಬರೆಯಲಾಗಿದೆ.

ಒಂದು ತಪ್ಪೊಪ್ಪಿಗೆ

ಪಾಠಕ್ಕೆ ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುವುದು ಉಚಿತ. ಹಲವು ವರ್ಷಗಳ ಹಿಂದೆ ನಮ್ಮ ಹಿರಿಯ ಕನ್ನಡ ಪಂಡಿತರೊಬ್ಬರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರು ಮುಕ್ಕಾಲು ಗಂಟೆ ಮಾತನಾಡಿದರು. ಚಿತ್ರೀಕರಣದ ಹೊಣೆ ನನ್ನದಾಗಿತ್ತು. ಎರಡು ವಾರ ರಾತ್ರಿ ಕುಳಿತು ಸಂಕಲನ ಮಾಡಿದೆ. ಗಣಕದ ಪರದೆಯ ಮೇಲೆ ಎಲ್ಲವೂ ಅಂದವಾಗಿ ಕಾಣುತ್ತಿತ್ತು. ‘ಉಳಿಸು’ ಎಂಬ ಗುಂಡಿಯನ್ನೊತ್ತಿ, ಅದರಿಂದ ದೊರೆತ ಕಡತವನ್ನು ಡಿಸ್ಕಿಗೆ ಬರೆದು, ಗುರುಗಳ ಮನೆಗೆ ಹೋಗಿ ಕೊಟ್ಟು ಬಂದೆ. ಬರೆದ ಡಿಸ್ಕನ್ನು ಒಮ್ಮೆಯೂ ಹಾಕಿ ನೋಡಲಿಲ್ಲ. ಕೆಲಸ ಮುಗಿಯಿತೆಂದು ಗಣಕದಲ್ಲಿದ್ದ ಮೂಲ ದೃಶ್ಯಗಳನ್ನು ಅಳಿಸಿದೆ. ಮುಂದಿನ ಕ್ರೀಡಾಕೂಟಕ್ಕೆ ಅದೇ ಟೇಪನ್ನು ಬಳಸಿದೆ.

ಗುರುಗಳು ತೀರಿಕೊಂಡ ಮೇಲೆ ಅವರ ಮಗಳು ಆ ಡಿಸ್ಕನ್ನು ತಂದು, “ಮೇಷ್ಟ್ರೇ, ಇದರಲ್ಲಿ ಏನೂ ಬರ್ತಾ ಇಲ್ಲವಲ್ಲ, ಅಪ್ಪಾಜಿಯ ಧ್ವನಿ ಒಂದು ಸಲ ಕೇಳಬೇಕಿತ್ತು” ಎಂದರು. ತೆರೆದು ನೋಡಿದಾಗ ಅದರಲ್ಲಿದ್ದುದು ಕೆಲವೇ ಕಿಲೋಬೈಟುಗಳ ಒಂದು ಪ್ರಾಜೆಕ್ಟ್ ಕಡತ ಮಾತ್ರ. ಆ ತಾಯಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯ ಹಿಂದೆಯೂ ಆ ದಿನವಿದೆ.

ಪ್ರಾಜೆಕ್ಟ್ ಎಂದರೆ ಚಿತ್ರವಲ್ಲ

ಹೊಸಬರು ಮೊಟ್ಟಮೊದಲು ತಿಳಿಯತಕ್ಕ ಸಂಗತಿ ಇದು. ಸಂಕಲನದ ತಂತ್ರಾಂಶದಲ್ಲಿ ನಾವು ಉಳಿಸುವ ಪ್ರಾಜೆಕ್ಟ್ ಕಡತದಲ್ಲಿ ಸಾಮಾನ್ಯವಾಗಿ ದೃಶ್ಯವೂ ಇರುವುದಿಲ್ಲ, ಧ್ವನಿಯೂ ಇರುವುದಿಲ್ಲ. ಯಾವ ತುಣುಕು ಗಣಕದ ಯಾವ ಜಾಗದಲ್ಲಿದೆ, ಎಲ್ಲಿಂದ ಎಲ್ಲಿಯವರೆಗೆ ಅದನ್ನು ತೆಗೆದುಕೊಳ್ಳಬೇಕು, ಯಾವುದರ ಮುಂದೆ ಯಾವುದನ್ನು ಜೋಡಿಸಬೇಕು ಎಂಬ ಸೂಚನೆಗಳ ಪಟ್ಟಿ ಮಾತ್ರ ಅಲ್ಲಿರುತ್ತದೆ. ದಾಸೋಹದ ಅಡುಗೆಗೆ ಬರೆದ ಸಾಮಾನಿನ ಪಟ್ಟಿ ಊಟವಾಗದಂತೆ, ಪ್ರಾಜೆಕ್ಟ್ ಕಡತವು ಚಿತ್ರವಾಗದು.

ಪಟ್ಟಿಯ ಪ್ರಕಾರ ತುಣುಕುಗಳನ್ನೆಲ್ಲ ಬೆಸೆದು ಒಂದೇ ಚಿತ್ರವನ್ನಾಗಿ ಮಾಡುವ ಕ್ರಿಯೆಗೆ ‘ರೆಂಡರ್’ ಅಥವಾ ‘ಎಕ್ಸ್‌ಪೋರ್ಟ್’ ಎನ್ನುತ್ತಾರೆ. ಇದಕ್ಕೆ ಗಣಕದ ಶಕ್ತಿಗೆ ತಕ್ಕಂತೆ ನಿಮಿಷಗಳಿಂದ ಗಂಟೆಗಳವರೆಗೆ ಕಾಲ ಹಿಡಿಯುತ್ತದೆ. ಹೀಗೆ ಹೊರಬಂದ ಪೂರ್ಣ ಕಡತವೇ ನಮ್ಮ ಮೂಲಪ್ರತಿ. ಇದನ್ನು ಸಾಧ್ಯವಾದಷ್ಟು ಉತ್ತಮ ಗುಣಮಟ್ಟದಲ್ಲಿ ತೆಗೆದಿಟ್ಟುಕೊಳ್ಳಬೇಕು. ಕೆಡಿಎನ್‌ಲೈವ್, ಶಾಟ್‌ಕಟ್ ಮುಂತಾದ ಉಚಿತ ತಂತ್ರಾಂಶಗಳು ಈ ಕೆಲಸಕ್ಕೆ ಸಾಕು. ಒಂದು ಕಾಲದಲ್ಲಿ ಬಹುಜನ ಬಳಸುತ್ತಿದ್ದ ವಿಂಡೋಸ್ ಮೂವೀ ಮೇಕರನ್ನು 2017ರಲ್ಲಿ ಅದರ ತಯಾರಕರೇ ನಿಲ್ಲಿಸಿದರು. ಆದುದರಿಂದ ಅದರಲ್ಲಿ ಮಾಡಿದ ಹಳೆಯ ಪ್ರಾಜೆಕ್ಟುಗಳು ಯಾರ ಬಳಿಯಾದರೂ ಉಳಿದಿದ್ದರೆ, ತೆರೆಯಲು ಸಾಧ್ಯವಿರುವಾಗಲೇ ಪೂರ್ಣ ಚಿತ್ರವಾಗಿ ಹೊರತೆಗೆದುಕೊಳ್ಳುವುದು ಒಳ್ಳೆಯದು.

ಎರಡು ಬಗೆಯ ಡಿಸ್ಕುಗಳು

ಡಿಸ್ಕಿಗೆ ಬರೆಯುವುದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ದತ್ತಾಂಶದ ಡಿಸ್ಕು. ಕಡತವು ಹೇಗಿದೆಯೋ ಹಾಗೆಯೇ ಇದರೊಳಗೆ ಕೂಡುತ್ತದೆ, ಗುಣಮಟ್ಟ ಕೆಡುವುದಿಲ್ಲ. ಗಣಕದಲ್ಲಿ ಇದನ್ನು ನೋಡಬಹುದು. ಆದರೆ ಮನೆಯ ಹಳೆಯ ಡಿವಿಡಿ ಪ್ಲೇಯರು ಇದನ್ನು ಓದದೆ ಹೋಗಬಹುದು.

ಎರಡನೆಯದು ಡಿವಿಡಿ-ವಿಡಿಯೋ. ಇದರಲ್ಲಿ ಚಿತ್ರವು ಎಂಪೆಗ್-2 ಎಂಬ ರೂಪಕ್ಕೆ ಪರಿವರ್ತಿತವಾಗಿ, ನಿಯತವಾದ ಕೋಶವೊಂದರಲ್ಲಿ ತುಂಡು ತುಂಡು ಕಡತಗಳಾಗಿ ಕೂಡುತ್ತದೆ. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಪಾಲ್ ಪದ್ಧತಿಯಂತೆ ಪೂರ್ಣ ಚೌಕಟ್ಟಿನ ಅಳತೆ 720 × 576, ಸೆಕೆಂಡಿಗೆ 25 ಚಿತ್ರಗಳು. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಕಳುಹಿಸುವುದಾದರೆ ಅಲ್ಲಿಯ ಎನ್‌ಟಿಎಸ್‌ಸಿ ಪದ್ಧತಿಯನ್ನು ಆರಿಸಿಕೊಳ್ಳುವುದು ಲೇಸು. ಪರಿವರ್ತನೆ, ಮೊದಲ ಪರದೆಯ ಮೆನು, ಅಧ್ಯಾಯಗಳ ವಿಂಗಡಣೆ ಇವನ್ನೆಲ್ಲ ಡಿವಿಡಿಸ್ಟೈಲರ್ ಮೊದಲಾದ ಉಚಿತ ತಂತ್ರಾಂಶಗಳು ಮಾಡಿಕೊಡುತ್ತವೆ. ವಾರ್ಷಿಕೋತ್ಸವದ ಚಿತ್ರಕ್ಕೆ ಪ್ರಾರ್ಥನೆ, ವರದಿ, ಆಶೀರ್ವಚನ, ಬಹುಮಾನ ವಿತರಣೆ, ನಾಟಕ ಎಂದು ಐದು ಅಧ್ಯಾಯಗಳನ್ನು ಮಾಡಿದರೆ, ತನ್ನ ಮೊಮ್ಮಗನ ಪಾತ್ರವನ್ನು ನೋಡಲು ಅಜ್ಜಿಯು ಎರಡು ಗಂಟೆ ಕಾಯಬೇಕಾಗಿಲ್ಲ.

ಡಿಸ್ಕಿನಲ್ಲಿ ಎಷ್ಟು ಹಿಡಿಸುತ್ತದೆ?

ಒಂದು ಪದರದ ಡಿವಿಡಿಯ ಮೇಲೆ 4.7 ಜಿ.ಬಿ. ಎಂದು ಅಚ್ಚಾಗಿರುತ್ತದೆ. ಅಂದರೆ ಸುಮಾರು 470 ಕೋಟಿ ಬೈಟುಗಳು. ಗಣಕವು ಇದನ್ನೇ ತನ್ನ ಲೆಕ್ಕದಲ್ಲಿ ಸುಮಾರು 4.37 ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ಭಾವಿಸಬೇಕಾಗಿಲ್ಲ. ಎಣಿಕೆಯ ಕ್ರಮ ಬೇರೆ, ಅಷ್ಟೇ.

ಒಂದು ಬೈಟಿಗೆ 8 ಬಿಟ್ಟುಗಳಂತೆ ಒಟ್ಟು 3,760 ಕೋಟಿ ಬಿಟ್ಟುಗಳಾದವು. ಇದನ್ನು ಚಿತ್ರದ ಸೆಕೆಂಡುಗಳಿಂದ ಭಾಗಿಸಿದರೆ, ಪ್ರತಿ ಸೆಕೆಂಡಿಗೆ ಎಷ್ಟು ದತ್ತಾಂಶವನ್ನು ಕೊಡಬಹುದೆಂಬುದು ತಿಳಿಯುತ್ತದೆ. ಎರಡು ಗಂಟೆಯ ಚಿತ್ರಕ್ಕೆ 7,200 ಸೆಕೆಂಡುಗಳು. ಭಾಗಿಸಿದಾಗ ಸುಮಾರು 5.2 ಮೆಗಾಬಿಟ್ ಬರುತ್ತದೆ. ಮೆನು ಮತ್ತಿತರ ಅಗತ್ಯಗಳಿಗೆ ಸ್ವಲ್ಪ ಬಿಟ್ಟು, ಧ್ವನಿಯೂ ಸೇರಿದಂತೆ 4.8 ಎಂದು ಇಟ್ಟುಕೊಳ್ಳಬೇಕು. ಅದೇ ಕ್ರಮದಲ್ಲಿ ಒಂದೂವರೆ ಗಂಟೆಗೆ 6.4, ಮೂರು ಗಂಟೆಗೆ 3.2. ಒಂದು ಗಂಟೆಯ ಚಿತ್ರಕ್ಕೆ ಸ್ಥಳವು ಧಾರಾಳವಾಗಿದ್ದರೂ 8ಕ್ಕಿಂತ ಮೇಲೆ ಹೋಗದಿರುವುದು ಕ್ಷೇಮ. ಹಳೆಯ ಪ್ಲೇಯರುಗಳು ತಡವರಿಸುತ್ತವೆ.

ಈ ಅಂಕಿ ಇಳಿದಷ್ಟೂ ಚಿತ್ರವು ಮಸುಕಾಗುತ್ತದೆ. ಡೊಳ್ಳುಕುಣಿತ, ಅಂತರಘಟ್ಟೆಯ ಜಾತ್ರೆಗೆ ಓಡುವ ಎತ್ತಿನ ಗಾಡಿಗಳು, ಇಂಥ ವೇಗದ ದೃಶ್ಯಗಳಲ್ಲಿ ಚೌಕ ಚೌಕವಾಗಿ ಒಡೆದಂತೆ ಕಾಣುತ್ತದೆ. ಒಬ್ಬರೇ ನಿಂತು ಮಾತನಾಡುವ ಉಪನ್ಯಾಸಕ್ಕೆ ಕಡಮೆಯಾದರೂ ನಡೆದೀತು. ಆದುದರಿಂದ ಮೂರು ಗಂಟೆಯ ನಾಟಕವನ್ನು ಒಂದರಲ್ಲಿಯೇ ತುರುಕುವುದಕ್ಕಿಂತ ಎರಡು ಡಿಸ್ಕುಗಳಿಗೆ ಹಂಚುವುದು ವಿಹಿತ.

ಬರೆಯುವ ಕ್ರಮ

ನಮ್ಮ ಹಿರಿಯರು ಕಬ್ಬಿಣದ ಕಂಠದಿಂದ ತಾಳೆಯ ಗರಿಯನ್ನು ಕೊರೆದು, ಮಸಿ ತಿಕ್ಕಿ ಅಕ್ಷರ ಮೂಡಿಸುತ್ತಿದ್ದರು. ಡಿಸ್ಕಿನ ಬರಹವೂ ಒಂದು ಬಗೆಯ ಕೊರೆತವೇ. ಸಾಮಾನ್ಯ ಡಿವಿಡಿಯ ಒಳಪದರದಲ್ಲಿ ತೆಳುವಾದ ಬಣ್ಣದ ಲೇಪವಿರುತ್ತದೆ. ಲೇಸರ್ ಕಿರಣದ ಶಾಖವು ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಗುರುತು ಮಾಡುತ್ತ ಹೋಗುತ್ತದೆ. ಇದನ್ನು ‘ಸುಡುವುದು’ ಎಂಬರ್ಥದಲ್ಲಿ ‘ಬರ್ನ್’ ಎನ್ನುವುದು ಈ ಕಾರಣದಿಂದ. ಒಮ್ಮೆ ಸುಟ್ಟ ಗುರುತು ಮತ್ತೆ ಅಳಿಯದು. ತಪ್ಪಾದರೆ ಡಿಸ್ಕು ವ್ಯರ್ಥ.

ಹೊಸಬರು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಚಿತ್ರವನ್ನು ನೇರವಾಗಿ ಡಿಸ್ಕಿಗೆ ಬರೆಯದೆ, ಗಣಕದಲ್ಲಿಯೇ ‘ಐಎಸ್‌ಒ’ ಎಂಬ ಪ್ರತಿಬಿಂಬ ಕಡತವನ್ನಾಗಿ ತಯಾರಿಸಿ. ಅದನ್ನು ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಮೆನುವೂ ಅಧ್ಯಾಯಗಳೂ ಸರಿಯಾಗಿವೆಯೇ ಎಂದು ನೋಡಿ. ಆಮೇಲೆ ಖಾಲಿ ಡಿಸ್ಕನ್ನು ಹಾಕಿ ಮಧ್ಯಮ ವೇಗದಲ್ಲಿ ಬರೆಯಿರಿ. 16 ಪಟ್ಟು ವೇಗದ ಡಿಸ್ಕಾದರೆ 4 ಅಥವಾ 8 ಪಟ್ಟು ಸಾಕು. ಬರೆಯುತ್ತಿರುವಾಗ ಗಣಕದಲ್ಲಿ ಬೇರೆ ಭಾರದ ಕೆಲಸ ಮಾಡಬೇಡಿ. ಹಳ್ಳಿಯ ಕಡೆ ವಿದ್ಯುತ್ತು ಹೋಗಿಬರುವುದರಿಂದ ಯುಪಿಎಸ್ ಇಲ್ಲದೆ ತೊಡಗಬೇಡಿ. ಕೊನೆಯಲ್ಲಿ ಡಿಸ್ಕನ್ನು ‘ಫೈನಲೈಸ್’ ಮಾಡಬೇಕು. ಮುಕ್ತಾಯದ ಈ ಮುದ್ರೆ ಬೀಳದಿದ್ದರೆ ಅನ್ಯ ಪ್ಲೇಯರುಗಳು ಅದನ್ನು ಓದಲಾರವು.

ಬರೆದಾದ ಮೇಲೆ ‘ವೆರಿಫೈ’ ಎಂಬ ಆಯ್ಕೆಯನ್ನು ಬಿಡಲೇಬಾರದು. ಡಿಸ್ಕಿನಲ್ಲಿರುವುದನ್ನು ಮೂಲದೊಡನೆ ತಾಳೆ ನೋಡುವ ಕ್ರಿಯೆ ಅದು. ಅದಾದ ನಂತರವೂ ಬೇರೊಂದು ಮನೆಯ, ಬೇರೊಂದು ಪ್ಲೇಯರಿನಲ್ಲಿ ಆದಿ, ಮಧ್ಯ, ಅಂತ್ಯ ಮೂರನ್ನೂ ನೋಡಿ. ಅಷ್ಟಾದ ಮೇಲೆಯೇ ಇನ್ನೊಬ್ಬರ ಕೈಗೆ ಕೊಡಿ.

ಡಿಸ್ಕು ಶಾಶ್ವತವೇ?

ಅಲ್ಲ. ಬಣ್ಣದ ಲೇಪವು ಬಿಸಿಲಿಗೆ, ಶಾಖಕ್ಕೆ, ತೇವಕ್ಕೆ ಮಾಸುತ್ತದೆ. ಕಡೂರಿನ ಬಯಲುಸೀಮೆಯ ಬೇಸಿಗೆಯೂ ತರೀಕೆರೆಯ ಮಲೆನಾಡಿನ ಅಂಚಿನ ಮಳೆಗಾಲವೂ ಅದಕ್ಕೆ ಹಿತವಲ್ಲ. ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸಬಾರದು. ಡಿಸ್ಕಿಗೆಂದೇ ದೊರೆಯುವ ಮೆತ್ತನೆಯ ಪೆನ್ನಿನಿಂದ, ನಡುವಿನ ಪಾರದರ್ಶಕ ಭಾಗದಲ್ಲಿ ಹೆಸರು ಮತ್ತು ದಿನಾಂಕ ಬರೆದರೆ ಸಾಕು. ಗಟ್ಟಿ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಕತ್ತಲೆಯ ಒಣ ಜಾಗದಲ್ಲಿಡಬೇಕು.

ಇದಕ್ಕಿಂತ ದೊಡ್ಡ ಆತಂಕವೆಂದರೆ ಓದುವ ಯಂತ್ರಗಳೇ ಮರೆಯಾಗುತ್ತಿರುವುದು. ಕ್ಯಾಸೆಟ್ ನೋಡುವ ವಿಸಿಆರ್ ಯಂತ್ರವನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರಲ್ಲಿ ಕೈಬಿಟ್ಟಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಬಹುತೇಕ ಡಿಸ್ಕಿನ ಅರೆಯೇ ಇರುವುದಿಲ್ಲ. ಹೊರಗಿನಿಂದ ಜೋಡಿಸುವ ಡಿವಿಡಿ ರೈಟರನ್ನು ಕೊಳ್ಳಬೇಕಾಗುತ್ತದೆ.

ಹಾಗಾದರೆ ಉಳಿಯುವುದು ಯಾವುದು? ವಚನಗಳ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. ತಾಳೆಯ ಗರಿಗೂ ಆಯುಷ್ಯವುಂಟು. ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ಆದರೂ ವಚನಗಳು ಉಳಿದುದು, ತಲೆಮಾರಿನಿಂದ ತಲೆಮಾರಿಗೆ ಲಿಪಿಕಾರರು ಪ್ರತಿಯೆತ್ತಿದುದರಿಂದ. ಡಾ. ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಮನೆಮನೆಗಳಿಂದ ಸಂಗ್ರಹಿಸಿ, ಪ್ರತಿಯೆತ್ತಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ನಮ್ಮ ಕಾಲದಲ್ಲಿ ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ಅಷ್ಟಾಧ್ಯಾಯಿಯನ್ನೇ ಗಣಕಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ಯನ್ನು ರೂಪಿಸಿದರು. ಗರಿಯಿಂದ ಕಾಗದಕ್ಕೆ, ಕಾಗದದಿಂದ ಗಣಕಕ್ಕೆ, ಸಾಧನ ಬದಲಾದಂತೆ ಯಾರೋ ಒಬ್ಬರು ಶ್ರಮವಹಿಸಿ ದಾಟಿಸಿದ್ದಾರೆ. ದಾಟಿಸುವವರಿಲ್ಲದ ದಿನ ಅದು ಮುಳುಗುತ್ತದೆ.

ಆದುದರಿಂದ ಡಿಸ್ಕು ಹಂಚುವುದಕ್ಕೆ, ನೆನಪಿನ ಕಾಣಿಕೆಗೆ ಯೋಗ್ಯ, ಅದೊಂದನ್ನೇ ನಂಬಬಾರದು. ಪ್ರತಿಯೊಂದು ಚಿತ್ರಕ್ಕೂ ಮೂರು ಪ್ರತಿಗಳಿರಲಿ: ಒಂದು ಶಾಲೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ದತ್ತಾಂಶದ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಅಜ್ಜಂಪುರದ ಪ್ರತಿ ಕಡೂರಿನಲ್ಲಿಯೂ ಕಡೂರಿನ ಪ್ರತಿ ತರೀಕೆರೆಯಲ್ಲಿಯೂ ಇದ್ದರೆ, ಒಂದು ಕಡೆ ಮಳೆನೀರು ನುಗ್ಗಿದರೂ ಇನ್ನೊಂದು ಕಡೆ ಉಳಿದೀತು. ವರ್ಷಕ್ಕೊಮ್ಮೆ, ಬಸವ ಜಯಂತಿಯ ಆಸುಪಾಸಿನಲ್ಲಿ, ಎಲ್ಲವನ್ನೂ ತೆರೆದು ನೋಡುವ ಪದ್ಧತಿಯನ್ನಿಟ್ಟುಕೊಳ್ಳಬೇಕು. ಮೂರೂ ಪ್ರತಿಗಳನ್ನು ಕಣ್ಣಾರೆ ನೋಡುವವರೆಗೆ ಮೂಲ ಟೇಪನ್ನು ಅಳಿಸಬಾರದು.

ಇದೇನೂ ಬಹಳ ಹಣದ ಕೆಲಸವಲ್ಲ. ಆಸಕ್ತರಾದ ಇಬ್ಬರು ಅಧ್ಯಾಪಕರು, ನಾಲ್ವರು ವಿದ್ಯಾರ್ಥಿಗಳು, ದಾನಿಗಳು ಕೊಡಿಸುವ ಒಂದೆರಡು ಹಾರ್ಡ್ ಡಿಸ್ಕುಗಳು ಸಾಕು. ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದಲ್ಲಿ ಇನ್ನೂ ಚಲಿಸುವ ವಿಸಿಆರ್ ಇದ್ದರೆ, ಶಾಲೆಯ ಪಾಲಿಗೆ ಅದು ಬೆಲೆಬಾಳುವ ಕಾಣಿಕೆಯೇ ಸರಿ. ಕ್ಯಾಸೆಟ್ಟುಗಳಿದ್ದರೆ ದಯಮಾಡಿ ತನ್ನಿ. ಪ್ರತಿಯೆತ್ತಿಕೊಂಡು ಮೂಲವನ್ನು ಮರಳಿಸೋಣ.

ಆ ಡಿಸ್ಕು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಹೊಸದಾಗಿ ಈ ಕೆಲಸ ಕಲಿಯಲು ಬರುವ ಮಕ್ಕಳಿಗೆ ಮೊದಲು ಅದನ್ನು ಕೊಟ್ಟು, ತೆರೆದು ನೋಡಲು ಹೇಳುತ್ತೇನೆ. ಏನೂ ಕಾಣುವುದಿಲ್ಲವೆಂದು ಅವರು ಹೇಳುತ್ತಾರೆ. ಪಾಠವು ಅಲ್ಲಿಂದ ಆರಂಭವಾಗುತ್ತದೆ.