ನಾಲ್ಕು ರೂಪಾಯಿಯ ಬ್ಲೇಡು, ಹತ್ತು ಸಾವಿರದ ನೊರೆ

ಗಡ್ಡಕ್ಕೆ ವರ್ಷಕ್ಕೆಷ್ಟು ಖರ್ಚು ಎಂದು ಕೇಳಿದರೆ ಹೆಚ್ಚಿನ ಗಂಡಸರು ನಕ್ಕುಬಿಡುತ್ತಾರೆ. ಹಾಲು, ಪೆಟ್ರೋಲು, ಮಕ್ಕಳ ಫೀಸು ಎಲ್ಲದರ ಲೆಕ್ಕ ನಾಲಿಗೆ ತುದಿಯಲ್ಲೇ ಇರುತ್ತದೆ. ಬಚ್ಚಲುಮನೆ ಕಪಾಟಿನ ಖರ್ಚು ಮಾತ್ರ ದಿನಸಿ ಬಿಲ್ಲಿನಲ್ಲಿ ಬೇಳೆ, ಸೋಪಿನ ಪುಡಿಗಳ ನಡುವೆ ಕರಗಿಹೋಗಿರುತ್ತದೆ. ನನ್ನದು ಆರು ಸಾವಿರ ದಾಟಿತ್ತು. ಅದನ್ನು ಇಳಿಸಲೆಂದೇ ಸೇಫ್ಟಿ ರೇಜರ್ ಹಿಡಿದೆ. ಕೆಲವೇ ತಿಂಗಳಲ್ಲಿ ಬಿಲ್ಲು ಹತ್ತು ಸಾವಿರದ ಕಡೆಗೆ ಹೊರಟಿತ್ತು.

ಮೊದಲಿನ ಲೆಕ್ಕ ಸರಳ. ಐದು ಬ್ಲೇಡಿನ ಕಾರ್ಟ್ರಿಡ್ಜು, ನಾಲ್ಕರ ಪ್ಯಾಕಿಗೆ ₹960. ಒಂದಕ್ಕೆ ₹240. ಹನ್ನೆರಡು ಶೇವ್ ಆದ ಮೇಲೆ ಅದು ಕೂದಲು ಕತ್ತರಿಸುವ ಬದಲು ಕೀಳಲು ಶುರು ಮಾಡುತ್ತಿತ್ತು. ಅಲ್ಲಿಗೆ ಒಂದು ಶೇವಿಗೆ ₹20. ಭಾನುವಾರ, ಹಬ್ಬ, ಮೈಗಳ್ಳತನ ಎಲ್ಲ ಕಳೆದು ವರ್ಷಕ್ಕೆ 300 ಶೇವ್ ಎಂದು ಹಿಡಿದರೆ ₹6,000. ₹80ರ ಕ್ರೀಮಿನ ಟ್ಯೂಬು ಆರು, ₹480. ಒಟ್ಟು ₹6,480.

ಆಗ ಕಣ್ಣಿಗೆ ಬಿದ್ದದ್ದು ಮರದ ಪೆಟ್ಟಿಗೆಯಲ್ಲಿ ಬರುವ ₹7,499ರ ಕಿಟ್. ಸ್ಟೇನ್‌ಲೆಸ್ ಸ್ಟೀಲಿನ ರೇಜರು, ಕುಂಚ, ಎರಡನ್ನೂ ನೇತುಹಾಕಲು ಸ್ಟ್ಯಾಂಡು, ನೊರೆ ಕಲಸಲು ಬಟ್ಟಲು, ಪ್ರೀ-ಶೇವ್ ಎಣ್ಣೆ, ಕ್ರೀಮು, ಬಾಮು, ಇಪ್ಪತ್ತು ಬ್ಲೇಡು. ಬ್ಲೇಡಿನ ಖರ್ಚಿನಲ್ಲಿ ಶೇ 95 ಉಳಿತಾಯ ಎಂದಿತ್ತು ಜಾಹೀರಾತು. ಅದೇನೂ ಸುಳ್ಳಲ್ಲ. ₹4ರ ಬ್ಲೇಡು ನಾಲ್ಕು ಶೇವಿಗೆ ಬಂದರೆ ಶೇವಿಗೆ ಒಂದು ರೂಪಾಯಿ, ವರ್ಷಕ್ಕೆ ₹300. ಆರು ಸಾವಿರ ಎಲ್ಲಿ, ಮುನ್ನೂರು ಎಲ್ಲಿ! ಹದಿನಾರು ತಿಂಗಳಿಗೆ ಪೇಬ್ಯಾಕ್ ಎಂದು ನನ್ನ ಎಕ್ಸೆಲ್ ಹಾಳೆ ತೀರ್ಪು ಕೊಟ್ಟಿತು.

ಆ ಹಾಳೆಯಲ್ಲಿ ಇಲ್ಲದೇ ಇದ್ದದ್ದು ರಿಫಿಲ್ ಪೆಟ್ಟಿಗೆಯ ಸಾಲು. ಎರಡು ತಿಂಗಳಿಗೊಮ್ಮೆ ಎಣ್ಣೆ, ಕ್ರೀಮು, ಬಾಮು, ಜೊತೆಗೆ ಬ್ಲೇಡು 'ಉಚಿತ'. ಬೆಲೆ ₹1,699, ಆಟೊಪೇ. ವರ್ಷಕ್ಕೆ ಆರು ಪೆಟ್ಟಿಗೆ ಎಂದರೆ ₹10,194. ಮೊದಲ ಪೆಟ್ಟಿಗೆ ಕಿಟ್ಟಿನಲ್ಲೇ ಬಂದದ್ದರಿಂದ ಮೊದಲ ವರ್ಷಕ್ಕೆ ಐದು, ₹8,495. ಅದಕ್ಕೆ ಕಿಟ್ಟಿನ ₹7,499 ಸೇರಿಸಿದರೆ ₹15,994. ಉಳಿತಾಯ ಮಾಡಲು ಹೊರಟವನಿಗೆ ಮೊದಲ ವರ್ಷ ಹಳೆಯ ಖರ್ಚಿನ ಎರಡೂವರೆ ಪಟ್ಟು, ಮುಂದೆ ಪ್ರತಿ ವರ್ಷ ₹3,700 ಹೆಚ್ಚು. ಬ್ಲೇಡಿನಲ್ಲಿ ಶೇ 95 ಉಳಿದದ್ದು ನಿಜ. ಬಿಲ್ಲಿನಲ್ಲಿ ಬ್ಲೇಡೇ ಇರಲಿಲ್ಲ, ಅಷ್ಟೇ.

ಎರಡನೇ ಪೆಟ್ಟಿಗೆ ಬಂದಾಗಲೇ ನಿಲ್ಲಿಸಬಹುದಿತ್ತು. ಆದರೆ ಆಗ ನನ್ನ ಕುತ್ತಿಗೆ ಉರಿಯುತ್ತಿತ್ತು, ಬಾಮು ಬೇಕೇ ಬೇಕಾಗಿತ್ತು. ಈ ವ್ಯಾಪಾರದ ಗುಟ್ಟಿರುವುದೇ ಇಲ್ಲಿ. ರೇಜರ್ ಹಿಡಿಯುವುದು ಹೇಗೆಂದು ಪೆಟ್ಟಿಗೆಯೊಳಗಿನ ಹೊಳೆಯುವ ಕಾಗದದಲ್ಲಿ ಎರಡೇ ಸಾಲು. ಬಾಮಿನ ಗುಣಗಾನಕ್ಕೆ ಒಂದು ಪುಟ. ಕೈ ಪಳಗಿದವನಿಗೆ ಆ ಎಣ್ಣೆಯೂ ಬೇಡ, ಬಾಮೂ ಬೇಡ. ಹಾಗಾಗಿ ಪಳಗಿಸುವ ಆತುರ ಮಾರುವವನಿಗೆ ಇರುವುದಿಲ್ಲ.

ಸೇಫ್ಟಿ ರೇಜರ್ ಅಗ್ಗವಾಗಿರುವುದಕ್ಕೆ ಕಾರಣ ಇತಿಹಾಸದಲ್ಲಿದೆ. ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಹಿಡಿಯನ್ನು ಪುಕ್ಕಟೆ ಕೊಟ್ಟು ಬ್ಲೇಡಿನಲ್ಲಿ ಲಾಭ ತೆಗೆದ ಮಹಾನುಭಾವ ಎಂದು ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಅವನ ಹೆಸರು ಬರುತ್ತದೆ. ಆದರೆ ಪೇಟೆಂಟ್ ಜೀವಂತವಿದ್ದಷ್ಟು ಕಾಲ ಅವನ ರೇಜರಿಗೆ ಐದು ಡಾಲರ್ ಬೆಲೆಯಿತ್ತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಹಿಡಿ ಅಗ್ಗವಾದದ್ದು 1921ರಲ್ಲಿ ಪೇಟೆಂಟ್ ಮುಗಿದ ಮೇಲೆ. ಅಂದಿನಿಂದ ಎರಡು ಅಂಚಿನ ಆ ಬ್ಲೇಡು ಯಾರ ಸ್ವತ್ತೂ ಅಲ್ಲ. ಟೋಪಾಜ್ ಆಗಲಿ, ಸೆವೆನ್ ಓ ಕ್ಲಾಕ್ ಆಗಲಿ, ಜಪಾನಿನ ಫೆದರ್ ಆಗಲಿ, ಯಾವ ಕಂಪನಿಯ ಬ್ಲೇಡನ್ನಾದರೂ ಯಾವ ಹಿಡಿಗಾದರೂ ಹಾಕಬಹುದು. ಕಾರ್ಟ್ರಿಡ್ಜಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಹಿಡಿ ಯಾವುದೋ ತಲೆಯೂ ಅದೇ ಕಂಪನಿಯದಾಗಬೇಕು. 1971ರಲ್ಲಿ ಎರಡು ಬ್ಲೇಡು, 1998ರಲ್ಲಿ ಮೂರು, 2006ರಲ್ಲಿ ಐದು ಎಂದು ತಲೆ ದಪ್ಪವಾದಂತೆಲ್ಲ ಬೆಲೆಯೂ ಏರಿತು. ಕೂದಲು ಮಾತ್ರ ಹಳೆಯದೇ.

ಇನ್ನು ಕೈಯ ವಿಷಯ. ಕಾರ್ಟ್ರಿಡ್ಜು ನಮಗೆ ಎರಡು ಕೆಟ್ಟ ಚಟ ಅಂಟಿಸಿರುತ್ತದೆ: ಒತ್ತುವುದು, ಕಿವಿಯಿಂದ ಗಲ್ಲದವರೆಗೆ ಒಂದೇ ಎಳೆತಕ್ಕೆ ಬಳಿಯುವುದು. ಅದರ ತಲೆ ತಾನೇ ತಿರುಗಿ ಕೋನ ಹುಡುಕಿಕೊಳ್ಳುತ್ತದೆ. ಸೇಫ್ಟಿ ರೇಜರಿನಲ್ಲಿ ಆ ಕೆಲಸ ಮಣಿಕಟ್ಟಿನದು. ನನ್ನ ಕುತ್ತಿಗೆಯನ್ನು ಸರಿಮಾಡಿದ್ದು ನಮ್ಮ ಬೀದಿಯ ಕಟಿಂಗ್ ಶಾಪಿನಾತ. ಬ್ಲೇಡನ್ನು ಕಾಗದದ ಸಮೇತ ಮಡಚಿ ಟಕ್ಕನೆ ಎರಡು ಮಾಡಿ, ಅರ್ಧವನ್ನು ತನ್ನ ಕತ್ತಿಗೆ ಸಿಕ್ಕಿಸುತ್ತಿದ್ದವನು ನನ್ನ ಕುತ್ತಿಗೆ ನೋಡಿ, 'ಎದುರು ಹೊಡೀತಾ ಇದೀರಲ್ಲ ಸಾರ್' ಎಂದ.

ಅವನು ಹೇಳಿದಂತೆ ಎರಡು ದಿನ ಗಡ್ಡ ಬಿಟ್ಟು, ಒಣ ಮುಖದ ಮೇಲೆ ಬೆರಳಾಡಿಸಿದೆ. ನುಣ್ಣಗೆ ಜಾರಿದರೆ ಅದು ಕೂದಲ ದಿಕ್ಕು, ಚುಚ್ಚಿದರೆ ಎದುರು. ನನ್ನ ಬಲಗುತ್ತಿಗೆಯಲ್ಲಿ ಕೂದಲು ನೇರ ಕೆಳಕ್ಕೆ ಬೆಳೆಯುತ್ತದೆ. ಎಡಗಡೆ ಅಡ್ಡಡ್ಡ, ಕಿವಿಯ ಕಡೆಗೆ. ಇಷ್ಟು ವರ್ಷ ಎರಡೂ ಕಡೆ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದ್ದೆ. ಈಗ ಮೊದಲ ಸುತ್ತು ಕೂದಲ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಎರಡನೆಯದು ಅಡ್ಡಕ್ಕೆ. ಎದುರು ಹೊಡೆಯುವ ಮೂರನೇ ಸುತ್ತು ಮದುವೆ ಮನೆಗೆ ಹೊರಟಾಗ ಮಾತ್ರ, ಅದೂ ಕೆನ್ನೆಗಷ್ಟೇ. ನೊರೆಯಿಲ್ಲದ ಚರ್ಮದ ಮೇಲೆ ಇನ್ನೊಂದು ಸಲ ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ.

ಕೋನಕ್ಕೆ ಸುಲಭದ ಉಪಾಯವಿದೆ. ರೇಜರಿನ ನೆತ್ತಿಯನ್ನು ಕೆನ್ನೆಗೆ ಸಪಾಟಾಗಿ ಇಡಿ. ಹಿಡಿ ಆಗ ಮುಖದಿಂದ ನೇರ ಹೊರಕ್ಕೆ ಚಾಚಿರುತ್ತದೆ, ಬ್ಲೇಡು ತಾಗಿರುವುದಿಲ್ಲ. ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತ ಸಣ್ಣದಾಗಿ ಎಳೆಯಿರಿ. ಸುಮಾರು 30 ಡಿಗ್ರಿ ಕೋನದಲ್ಲಿ ಚರಚರ ಎಂದು ಕೂದಲು ಕತ್ತರಿಸುವ ಸದ್ದು ಕೇಳುತ್ತದೆ. ಇನ್ನೂ ಇಳಿಸಿದರೆ ಸದ್ದು ಸತ್ತು ಚರ್ಮ ಕೆರೆಯುತ್ತದೆ. ಹಾಗಾಗಿ ಫ್ಯಾನು, ರೇಡಿಯೊ ಆರಿಸಿ ಶೇವ್ ಮಾಡುವುದು ಒಳ್ಳೆಯದು. ಹಿಡಿಯ ತುದಿಯನ್ನು ಎರಡು ಬೆರಳು, ಒಂದು ಹೆಬ್ಬೆರಳಲ್ಲಿ ಮಾತ್ರ ಹಿಡಿದರೆ ಒತ್ತಬೇಕೆಂದರೂ ಒತ್ತಲಾಗುವುದಿಲ್ಲ. ರೇಜರಿನ ಭಾರವೇ ಕೆಲಸ ಮಾಡುತ್ತದೆ. ಎಳೆತ ಒಂದು ಅಂಗುಲ ಸಾಕು. ಇನ್ನೊಂದು ಕೈ ಸುಮ್ಮನಿರಬಾರದು, ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಬಾರ್ಬರುಗಳ ಎಡಗೈ ಗಮನಿಸಿ, ಅರ್ಧ ಕಸುಬು ಅಲ್ಲಿದೆ.

ನೀರು ಇದೆಲ್ಲಕ್ಕಿಂತ ಮುಖ್ಯ, ಮತ್ತು ಪುಕ್ಕಟೆ. ಉಕ್ಕಿಗಿಂತ 50 ಪಟ್ಟು ಮೃದುವಾದ ಕೂದಲು ಬ್ಲೇಡಿನ ಅಂಚನ್ನು ಹೇಗೆ ಮುಕ್ಕು ಮಾಡುತ್ತದೆ ಎಂಬುದನ್ನು ಎಂಐಟಿ ಸಂಶೋಧಕರು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿವರಿಸಿದ್ದರು. ಒಣ ಕೂದಲು ಗಡಸು, ನೆನೆದದ್ದು ಮೆತ್ತಗೆ. ಸ್ನಾನದ ನಂತರ ಶೇವ್ ಮಾಡಿದರೆ ಬ್ಲೇಡಿಗೂ ಚರ್ಮಕ್ಕೂ ಒಳ್ಳೆಯದು, ₹550ರ ಎಣ್ಣೆಯೂ ಬೇಕಾಗುವುದಿಲ್ಲ. ನೊರೆಗೆ ನೀರು ಕಡಿಮೆಯಾಗುವುದೇ ಹೆಚ್ಚು. ಕ್ರೀಮು ಕಡಲೆಕಾಳಿನಷ್ಟು ಸಾಕು. ಕುಂಚವನ್ನು ಆಗಾಗ ನೀರಿಗೆ ಮುಟ್ಟಿಸುತ್ತ ತಿರುವುತ್ತಿರಿ, ಗುಳ್ಳೆಗಳೆಲ್ಲ ಮಾಯವಾಗಿ ಹೊಳಪು ಬರುವವರೆಗೆ.

ಮುಗಿದ ಮೇಲೆ ತಣ್ಣೀರು, ಆಮೇಲೆ ಪಟಿಕ. ಗ್ರಂಥಿಗೆ ಅಂಗಡಿಯಲ್ಲಿ ₹20 ಕೊಟ್ಟರೆ ವರ್ಷವಿಡೀ ಬರುವ ತುಂಡು ಸಿಗುತ್ತದೆ. ಬಾಮಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಬಾಮು ಉರಿಯನ್ನು ಮುಚ್ಚಿಹಾಕುತ್ತದೆ, ಪಟಿಕ ಚಾಡಿ ಹೇಳುತ್ತದೆ. ಎಲ್ಲಿ ಉರಿಯಿತೋ ಅಲ್ಲಿ ಒತ್ತಿದ್ದೀರಿ, ಇಲ್ಲವೇ ಕೋನ ತಪ್ಪಿದೆ. ನನಗೆ ದವಡೆಯ ತಿರುವಿನಲ್ಲಿ ಬಹಳ ದಿನ ಉರಿಯುತ್ತಿತ್ತು. ಒಂದು ದಿನ ಉರಿ ಬರಲಿಲ್ಲ, ರಿಫಿಲ್ ಪೆಟ್ಟಿಗೆಯ ಆಟೊಪೇ ಮ್ಯಾಂಡೇಟ್ ರದ್ದು ಮಾಡಿದೆ.

ಆಟೊಪೇ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ₹15,000ದ ಒಳಗಿನ ಕಂತಿಗೆ ಪ್ರತಿ ಸಲ ಒಟಿಪಿ ಬೇಡ ಎಂದು 2022ರಲ್ಲಿ ರಿಸರ್ವ್ ಬ್ಯಾಂಕ್ ಮಿತಿ ಏರಿಸಿತು. ಅದರ ಜೊತೆಗೆ, ಹಣ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕೆಂಬ ನಿಯಮವೂ ಇದೆ. ಸಂದೇಶ ಬರುತ್ತದೆ. ಅದನ್ನು ಓದುವವರು ಯಾರು? ಸಿನಿಮಾ ಆ್ಯಪ್, ಜಿಮ್ಮು, ನಾಯಿ ತಿಂಡಿ, ಈಗ ಗಡ್ಡ. ಮಾರುವವರು ನಂಬಿಕೊಂಡಿರುವುದು ಉತ್ಪನ್ನವನ್ನಲ್ಲ, ನಮ್ಮ ಸೋಮಾರಿತನವನ್ನು. ತಿಂಗಳ ಮೊದಲ ಭಾನುವಾರ ಮ್ಯಾಂಡೇಟ್ ಪಟ್ಟಿ ತೆರೆದು ನೋಡಿ. ಹೆಸರು ನೋಡಿದೊಡನೆ ಏನೆಂದು ನೆನಪಾಗದ್ದನ್ನು ಅಲ್ಲೇ ರದ್ದು ಮಾಡಿ, ಬೇಕಾದರೆ ಅವರೇ ಹುಡುಕಿಕೊಂಡು ಬರುತ್ತಾರೆ. ಎಸ್‌ಐಪಿ ಬಿಟ್ಟು ಬೇರೆ ಯಾವುದಕ್ಕೂ ಆಟೊಪೇ ಇರಬಾರದು ಎನ್ನುವ ಪಂಥ ನನ್ನದು. ಮನೆಯವರು ಒಪ್ಪುವುದಿಲ್ಲ, ಅದು ಬೇರೆ ಮಾತು.

ಕಂಜೂಸುತನವೂ ಅಷ್ಟೇ ದುಬಾರಿ. ಹಿಂದೆ ಗಾಜಿನ ಲೋಟದ ಒಳಗೋಡೆಗೆ ಬ್ಲೇಡು ತಿಕ್ಕಿ ಹರಿತ ಮಾಡಿಕೊಳ್ಳುತ್ತಿದ್ದವರಿದ್ದರು. ಬ್ಲೇಡು ಸಿಗುವುದೇ ಕಷ್ಟವಾಗಿದ್ದ ಕಾಲಕ್ಕೆ ಅದು ಜಾಣತನ. ಈಗ ಒಂದು ಬ್ಲೇಡನ್ನು ನಾಲ್ಕರ ಬದಲು ಎರಡೇ ಶೇವಿಗೆ ಬಿಸಾಡಿದರೂ ವರ್ಷಕ್ಕೆ ₹600, ಹೆಚ್ಚುವರಿ ಹೊರೆ ದಿನಕ್ಕೆ ಒಂದು ರೂಪಾಯಿಗೂ ಕಡಿಮೆ. ಅದನ್ನು ಉಳಿಸಲು ಮೊಂಡು ಬ್ಲೇಡಿನಲ್ಲಿ ಹೆರೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಬೇಕೇ? ಎಳೆಯುವಾಗ ಕೂದಲು ಜಗ್ಗಿದಂತಾದರೆ ಬ್ಲೇಡಿನ ಆಯಸ್ಸು ಮುಗಿಯಿತು.

ಹೊಸದಾಗಿ ಶುರು ಮಾಡುವವರಿಗೆ ನನ್ನ ಪಟ್ಟಿ: ₹350ರ ಸಾದಾ ರೇಜರು, ₹150ರ ನೈಲಾನ್ ಕುಂಚ, ವರ್ಷದ ಕ್ರೀಮಿಗೆ ₹480, ಬ್ಲೇಡಿಗೆ ₹300, ಪಟಿಕ ₹20. ಮೊದಲ ವರ್ಷ ₹1,300, ಆಮೇಲೆ ₹800. ಹಳೆಯ ₹6,480ಕ್ಕೆ ಹೋಲಿಸಿದರೆ ಮೊದಲ ವರ್ಷವೇ ₹5,180 ಕೈಯಲ್ಲಿ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಶೇವಿಂಗ್ ಕ್ರೀಮಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ, ಟ್ಯೂಬಿನ ಮೇಲಿನ ಎಂಆರ್‌ಪಿ ನೋಡಿ ಕೊಳ್ಳಿ. ಬೇರೆ ಬೇರೆ ಕಂಪನಿಯ ಐದೈದು ಬ್ಲೇಡು ತಂದು ಪರೀಕ್ಷಿಸಿ, ಹೊಂದಿದ್ದನ್ನು ನೂರರ ಲೆಕ್ಕದಲ್ಲಿ ಕೊಂಡರೆ ವರ್ಷದ ಚಿಂತೆ ಮುಗಿಯಿತು. ಹಳೆಯ ಬ್ಲೇಡನ್ನು ಹಾಗೇ ಕಸಕ್ಕೆ ಎಸೆಯಬೇಡಿ, ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಖಾಲಿ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರಲ್ಲಿ ಹಾಕುತ್ತಿರಿ.

ನಾನು ಕೊಂಡ ಸ್ಟೀಲ್ ರೇಜರು ಚೆನ್ನಾಗಿಯೇ ಇದೆ, ಅದನ್ನೇ ಬಳಸುತ್ತೇನೆ. ಅದು ₹350ರದ್ದಕ್ಕಿಂತ ನುಣ್ಣಗೆ ಹೆರೆಯುತ್ತದೆಯೇ ಎಂದು ಸ್ನೇಹಿತರು ಕೇಳುತ್ತಾರೆ. ಎರಡನ್ನೂ ಬಳಸಿ ನೋಡಿದ್ದೇನೆ, ನನ್ನ ಕೆನ್ನೆಗೆ ವ್ಯತ್ಯಾಸ ಗೊತ್ತಾಗಿಲ್ಲ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಬಿಡಿ ಬ್ಲೇಡು ಒಯ್ಯಲು ಬಿಡುವುದಿಲ್ಲ. ಆಗ ಕಾರ್ಟ್ರಿಡ್ಜ್ ತಲೆಯ ಜಿಲೆಟ್ ಗಾರ್ಡ್ ಇಟ್ಟುಕೊಳ್ಳುತ್ತೇನೆ. 2010ರಲ್ಲಿ ಭಾರತಕ್ಕೆಂದೇ ಬಿಟ್ಟಾಗ ಅದರ ಹಿಡಿಗೆ ₹15, ತಲೆಗೆ ₹5 ಇತ್ತು. ಅದರಲ್ಲಿರುವುದೂ ಒಂದೇ ಬ್ಲೇಡು.